ಮುತ್ಲಾ ಗುಡ್ಡದ ಸ್ಕಾಟ್ಲೆಂಡ್

ಕುವೈತಿನಲ್ಲಿ ಸ್ಕಾಟ್ಲೆಂಡ್ ಬೇಕೆಂದರೆ ಡಿಸೆಂಬರಿನವರೆಗೆ ಕಾಯಬೇಕು. ಆಗ ಬೆಳಗಿನ ಹೊತ್ತು ಮುತ್ಲಾ ಗುಡ್ಡದ ಮೇಲೆ ಮಂಜು ಇಳಿಯುತ್ತದೆ. ಅದನ್ನು ಗುಡ್ಡವೆಂದರೆ ಊರಿನವರು ನಗಬಹುದು. ಆದರೆ ಈ ಚಪ್ಪಟೆ ದೇಶದಲ್ಲಿ ಕತ್ತೆತ್ತಿ ನೋಡಲು ಇರುವುದು ಅದೊಂದೇ. ಮಂಜು ಇಳಿಯಿತೆಂದರೆ ಕೆಳಗಿನ ಹೆದ್ದಾರಿ, ಕರೆಂಟಿನ ಕಂಬಗಳು, ಚಳಿಗಾಲದ ಕ್ಯಾಂಪಿಗೆ ಬಂದವರ ಬಿಳಿ ಡೇರೆಗಳು ಎಲ್ಲವೂ ಅಳಿಸಿಹೋಗುತ್ತವೆ. ಬಿಸಿಲು ಏರುವವರೆಗೆ ಆ ಜಾಗ ಯಾವ ದೇಶ ಬೇಕಾದರೂ ಆಗುತ್ತದೆ. ರೆನ್ನಿಯವರು ಅದನ್ನು ಸ್ಕಾಟ್ಲೆಂಡ್ ಮಾಡಿಕೊಂಡಿದ್ದರು.

ರೆನ್ನಿ ಅಲ್ಲಿಯವರೇ. ಮಂಗಫ್ ಕಡೆಯ ಒಂದು ತೈಲ ಕಂಪೆನಿಯಲ್ಲಿ, ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಕಲಿಸುವ ಮೇಷ್ಟ್ರು. ಶುಕ್ರವಾರ ಮಾತ್ರ ಚಿತ್ರ ನಿರ್ದೇಶಕರು. ತಮ್ಮ ನಾಡಿನ ಹಳೆಯ ಕುಲಗಳು, ಅವರ ಕುರಿ ಜಗಳಗಳು, ಸೋತ ಯುದ್ಧಗಳು, ಇವನ್ನೆಲ್ಲ ಕೈಯಿಂದಲೇ ಖರ್ಚು ಹಾಕಿ ಚಿತ್ರ ಮಾಡಿ ಸಣ್ಣಪುಟ್ಟ ಉತ್ಸವಗಳಿಗೆ ಕಳಿಸುತ್ತಿದ್ದರು. ಇಲ್ಲಿರುವ ಸ್ಕಾಟಿಷರಿಗೆ ಆಸೆಯೇನೋ ಇತ್ತು, ಆದರೆ ರಜೆಯ ದಿನ ಕತ್ತಲಿರುವಾಗಲೇ ಏಳುವವರಲ್ಲ. ಏಳುವವರು ನಾವು, ಕರಾವಳಿಯವರು. ಹಾಗಾಗಿ ಮೂರನೆಯ ಚಿತ್ರದ ಹೊತ್ತಿಗೆ ಅವರ ಇಡೀ ಸೈನ್ಯ ಸುರತ್ಕಲ್, ಕಾಪು, ಉಪ್ಪಳದ್ದಾಗಿತ್ತು. "ಮಂಜಿನಲ್ಲಿ ಗಡ್ಡ ಬಿಟ್ಟು ಕಂಬಳಿ ಹೊದ್ದು ನಿಂತರೆ ಎಲ್ಲರೂ ನಮ್ಮೂರಿನವರೇ," ಎನ್ನುತ್ತಿದ್ದರು ರೆನ್ನಿ.

ಕ್ಯಾಮೆರಾ ಅಲೋಶಿಯಸ್ ಅಂಕಲ್‌ದು. ವಾರದ ದಿನಗಳಲ್ಲಿ ಅವರು ರಿಫೈನರಿಯ ಬಸ್ಸು ಹತ್ತುವವರು, ಬಿಡುವಿನಲ್ಲಿ ನಮ್ಮ ಜನರ ಮದುವೆ, ಮದುವೆಯ ಮುನ್ನಾದಿನದ ರೋಸ್, ಬರ್ತ್‌ಡೇಗಳ ವಿಡಿಯೋ ತೆಗೆಯುವವರು. ಬಟ್ಟೆ ಮೊಯ್ದೀನ್ ಕುಂಞಿಯವರದು. ಮಿರ್ಕಾಬಿನಲ್ಲಿ ಕುವೈತಿಗಳ ಉದ್ದದ ಬಿಳಿ ಅಂಗಿ ಹೊಲಿಯುವ ದರ್ಜಿ. ರೆನ್ನಿ ತೋರಿಸಿದ, ಸ್ಕಾಟಿಷ್ ಗಂಡಸರ ಕಿಲ್ಟಿನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಇದೆಂತದು, ಲುಂಗಿಗೆ ನೆರಿಗೆ ಹಾಕಿದ್ದಲ್ವಾ? ಇದಕ್ಕೆ ಇಷ್ಟು ಉದ್ದ ಪಟ್ಟಾಂಗ ಯಾಕೆ?" ಎಂದು ಮುಗಿಸಿಬಿಟ್ಟರು. ಕತ್ತಿಗಳು ಏಸಿ ಡಕ್ಟಿನ ತಗಡಿನವು. ಕುರಿಗಳನ್ನು ಅಲ್ಲೇ ಮೇಯಿಸುವ ಬದೂಯಿ ಕುರುಬನಿಂದ ಎರವಲು ತರುತ್ತಿದ್ದೆವು. ಈ ಕಡೆಯ ಕುರಿಗಳಿಗೆ ಬಾಲದ ಬದಲು ಕೊಬ್ಬಿನ ದಿಂಬು ಇರುತ್ತದೆ. ಸ್ಕಾಟ್ಲೆಂಡಿನ ಕುರಿಗೆ ಹಾಗಿರುವುದಿಲ್ಲವಂತೆ. "ಮುಖ ಮಾತ್ರ! ಕುರಿಯ ಮುಖ ಮಾತ್ರ ತೆಗೆ!" ಎಂದು ರೆನ್ನಿ ಅಲೋಶಿಯಸ್ ಅಂಕಲ್ ಹಿಂದೆ ಓಡುತ್ತಿದ್ದರು.

ನಾನು ಮಿರ್ಕಾಬಿನ ಒಂದು ಜಾಹೀರಾತು ಸ್ಟುಡಿಯೋದಲ್ಲಿ ವಿಡಿಯೋ ಕತ್ತರಿಸಿ ಜೋಡಿಸುವ ಕೆಲಸದವಳು. ಹಾಗಾಗಿ ಸಂಕಲನ ನನ್ನ ಪಾಲಿಗೆ ಬಂತು. ಯಾರೂ ಕೇಳದಿದ್ದರೂ ಬೆಳಗಿನ ಶೂಟಿಂಗಿಗೂ ಹೋಗುತ್ತಿದ್ದೆ. ಹತ್ತು ವರ್ಷದವರೆಗೆ ಕಿನ್ನಿಗೋಳಿಯಲ್ಲಿ ಅಜ್ಜಿಯ ಮಗ್ಗುಲಲ್ಲಿ ಕಥೆ ಕೇಳುತ್ತ ಮಲಗಿದವಳು ನಾನು. ಅಜ್ಜಿಯ ಕಥೆಯ ವೀರರು ಯಾವತ್ತೂ ಸಾಯುತ್ತಿರಲಿಲ್ಲ, ಮಾಯಕ್ಕೆ ಸಲ್ಲುತ್ತಿದ್ದರು. ಆ ಮಾಯವೆಂಬುದು ಎಲ್ಲಿದೆ ಎಂದು ಕೇಳಿದರೆ ಅಜ್ಜಿ ಕಿಟಕಿಯ ಆಚೆ ಕೈ ತೋರಿಸಿ, "ಅಗಾ, ಅಲ್ಲೇ," ಅನ್ನುತ್ತಿದ್ದಳು. ಮುತ್ಲಾದ ಮಂಜನ್ನು ಮೊದಲ ಸಲ ಕಂಡಾಗ, ಓಹೋ ಇದೇ ಇರಬೇಕು ಎಂದುಕೊಂಡಿದ್ದೆ.

ಸುಕೇಶಣ್ಣನನ್ನು ಆ ಮಂಜಿಗೆ ಕರೆದುಕೊಂಡು ಹೋದದ್ದು ನಾನೇ. ಮಂಗಫ್‌ನಲ್ಲಿ ನಮ್ಮ ಕೆಳಗಿನ ಮಹಡಿಯವರು. ಬ್ನೇದ್ ಅಲ್ ಗಾರ್‌ನ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ಸೂಪರ್‌ವೈಸರ್. ಗಲ್ಫಿಗೆ ಬರುವ ಮೊದಲು ಯಕ್ಷಗಾನ ಮೇಳವೊಂದರಲ್ಲಿ ತಿರುಗಾಟ ಮಾಡಿದ್ದರು. ಅಗಲ ಎದೆ, ಬಾಗಿಲಿನಷ್ಟು ಎತ್ತರ. ರೆನ್ನಿ ಅವರನ್ನು ನೋಡಿದ ಕೂಡಲೇ ಕುಲದ ನಾಯಕನ ಪಾತ್ರ ಕೊಟ್ಟುಬಿಟ್ಟರು. ಗಡ್ಡ ಕೆಂಪಾಗಬೇಕು ಎಂದಾಗ ಸುಕೇಶಣ್ಣ ಮದರಂಗಿ ಹಚ್ಚಿಕೊಂಡು ಬಂದರು. ಆ ಇಡೀ ಚಳಿಗಾಲ ಹೋಟೆಲಿನಲ್ಲಿ ಎಲ್ಲರೂ ಅವರನ್ನು "ಹಾಜಿ" ಎಂದು ಕರೆದರು.

ಮೊದಲ ದಿನವೇ ಒಂದು ಎಡವಟ್ಟಾಯಿತು. "ಬಾಯಿಗೆ ಬಂದದ್ದು ಮಾತಾಡು, ಯಾವ ಭಾಷೆಯೂ ಆಗಬಹುದು. ಧ್ವನಿಯನ್ನು ಆಮೇಲೆ ನಮ್ಮವರಿಂದ ಹಾಕಿಸುತ್ತೇನೆ," ಎಂದರು ರೆನ್ನಿ. ಯಕ್ಷಗಾನದವರಿಗೆ ಹೇಳುವ ಮಾತೇ ಅದು? ಮೇಳದಲ್ಲಿ ಬರೆದಿಟ್ಟ ಮಾತೆಂಬುದಿಲ್ಲ, ಪದ್ಯದ ಅರ್ಥವನ್ನು ವೇಷಧಾರಿ ಅಲ್ಲಲ್ಲೇ ಕಟ್ಟಿ ಹೇಳಬೇಕು. ಸುಕೇಶಣ್ಣ ತಗಡಿನ ಕತ್ತಿಯನ್ನು ನೆಲಕ್ಕೂರಿದರು.

"ಎಲವೋ! ನಿನ್ನ ಕುರಿಗಳನ್ನು ನಾನು ಕದ್ದೆನೆಂದು ಊರಿಡೀ ಸಾರಿಕೊಂಡು ಬಂದೆಯಂತೆ. ಕದಿಯುವವನು ಹಿಂಬಾಗಿಲಿಂದ ಬಂದಾನು. ನಾನು ಬಂದದ್ದು ಹಾಡುಹಗಲಲ್ಲಿ, ಕೊಂಬು ಕಹಳೆ ಊದಿಸಿಕೊಂಡು! ಅಷ್ಟಕ್ಕೂ ಕುರಿಯೆಂದರೇನು? ಹುಲ್ಲು ತಿಂದು ಬದುಕುವ ಸಾಧು ಜಂತು. ಅದಕ್ಕೆ ಒಡೆಯನೆಂದು ಯಾರನ್ನು ಕರೆಯೋಣ? ಹುಲ್ಲಿಗೆ ಮಳೆ ಕೊಟ್ಟವನನ್ನಲ್ಲವೇ?"

ಹೀಗೆಯೇ ಹೋಯಿತು, ಮಂಜು ಕರಗುವವರೆಗೂ ಹೋಯಿತು. ಎದುರು ನಿಂತಿದ್ದ ವೈರಿ ಕುಲದ ಆಗಸ್ಟಿನ್ ಕತ್ತಿ ಹಿಡಿದ ಕೈ ಸೋತು ಕೂತೇಬಿಟ್ಟ. ರೆನ್ನಿ ತಮ್ಮ ಕೈಯಲ್ಲಿದ್ದ ಕಾಗದವನ್ನು ನೋಡಿ, ನನ್ನನ್ನು ನೋಡಿ, "ಅನ್ವಿತಾ, ನಾನು ಬರೆದದ್ದು 'ಕುರಿಗಳು ನನ್ನವು, ಮನೆಗೆ ಹೋಗು' ಎಂದು ಮಾತ್ರ," ಎಂದರು.

"ಸರ್‌ಗೆ ಹೇಳು ಅನ್ವಿ, ಅಷ್ಟೇ ನಾನೂ ಹೇಳಿದ್ದು. ಸ್ವಲ್ಪ ಬಿಡಿಸಿ ಹೇಳಿದೆ," ಎಂದರು ಸುಕೇಶಣ್ಣ.

ಅವರಿದ್ದಲ್ಲಿ ಚಳಿ ಗೊತ್ತಾಗುತ್ತಿರಲಿಲ್ಲ. ಅವರ ಡಿಕ್ಕಿಯಲ್ಲಿ ಯಾವಾಗಲೂ ಹೋಟೆಲಿನ ದೊಡ್ಡ ಫ್ಲಾಸ್ಕಿನ ತುಂಬ ಚಹಾ ಇರುತ್ತಿತ್ತು. ಸ್ಕಾಟ್ಲೆಂಡಿನ ಎರಡೂ ಕುಲಗಳು ಒಂದೇ ಫ್ಲಾಸ್ಕಿನ ಮುಂದೆ ಸಾಲು ನಿಲ್ಲುತ್ತಿದ್ದವು.

ಶೂಟಿಂಗ್ ಮಾರ್ಚಿಗೆ ಮುಗಿಯಿತು. ಜೂನಿನಲ್ಲಿ ಒಂದು ದಿನ ಡ್ಯೂಟಿ ಮುಗಿಸಿ ಬಂದು ಮಲಗಿದ ಸುಕೇಶಣ್ಣ ಏಳಲಿಲ್ಲ. ಹೃದಯ ನಿಂತಿತ್ತು. ಇನ್ನೂ ನಲವತ್ತಾಗಿರಲಿಲ್ಲ.

ಅವರ ಹೆಂಡತಿ ಪುಷ್ಪಾವತಿ, ನಮಗೆ ಪುಷ್ಪಕ್ಕ, ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ದೇಹದ ಜೊತೆ ಊರಿಗೆ ಹೋಗಿ ಕ್ರಿಯೆ ಎಲ್ಲ ಮುಗಿಸಿ, ಮಳೆಗಾಲ ಕಳೆದ ಮೇಲೆ ವಾಪಸು ಬಂದರು. ಇಕಾಮಾ ಎಂಬ ವಾಸದ ಪರವಾನಗಿ ಇಲ್ಲಿಯದು, ಕೆಲಸ ಇಲ್ಲಿಯದು, ಬರದೆ ಏನು ಮಾಡುವುದು? ಮೊದಲಿನಂತೆಯೇ ಸಮವಸ್ತ್ರ ಹಾಕಿ ಬಸ್ಸಿಗೆ ನಿಲ್ಲುತ್ತಿದ್ದರು. ಆದರೆ ರಾತ್ರಿ ನಿದ್ದೆಯಿಲ್ಲದೆ ಕಣ್ಣಿನ ಕೆಳಗೆ ಕಪ್ಪು ಇಳಿದಿತ್ತು. ನಮ್ಮ ಮನೆಗೆ ಬಂದರೆ ಟಿವಿಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು, ಅಮ್ಮ ಏಳಿಸುವವರೆಗೂ.

ಮುಂದಿನ ಫೆಬ್ರವರಿಯಲ್ಲಿ ರೆನ್ನಿಯ ಕರಾರು ಮುಗಿಯಿತು. ಅವರು ದೇಶ ಬಿಟ್ಟು ಹೋಗುವ ಮೊದಲು ಚಿತ್ರವನ್ನು ಒಮ್ಮೆ ಎಲ್ಲರಿಗೂ ತೋರಿಸೋಣವೆಂದು ಆಯಿತು. ಸುಕೇಶಣ್ಣನ ಹೋಟೆಲಿನವರೇ, ಅವರ ನೆನಪಿಗೆ, ಒಂದು ಹಾಲ್ ಬಿಟ್ಟುಕೊಟ್ಟರು. ಪುಷ್ಪಕ್ಕನನ್ನು ಕರೆಯಲು ನಾನು ಕೆಳಗಿಳಿದು ಹೋದೆ. ಅವರು ಬಟ್ಟೆ ಮಡಚುತ್ತಿದ್ದರು.

"ಅದರಲ್ಲಿ ಇವರು ಸಾಯುವುದು ಉಂಟಾ?"

"ಉಂಟು ಪುಷ್ಪಕ್ಕ. ಕೊನೆಗೆ."

"ಸತ್ತು ಬಿದ್ದಿರುವುದನ್ನೂ ತೋರಿಸುತ್ತೀರಾ?"

ಚಿತ್ರ ಮುಗಿಯುವುದೇ ಹಾಗೆ. ನಾಯಕನ ದೇಹ ಗುಡ್ಡದ ಮೇಲೆ ಮಲಗಿರುತ್ತದೆ, ಕುಲದವರು ಒಬ್ಬೊಬ್ಬರಾಗಿ ಬಂದು ಸುತ್ತ ನಿಲ್ಲುತ್ತಾರೆ, ಮಂಜು ಮುಚ್ಚುತ್ತದೆ. ಅದನ್ನು ತೆಗೆದ ವಾರ ನಾನು ಅಣ್ಣನ ಮದುವೆಗೆಂದು ಊರಲ್ಲಿದ್ದೆ. ಉಳಿದ ಟೇಪುಗಳೆಲ್ಲ ಕತ್ತರಿಸಿ ಮುಗಿದಿದ್ದವು. ಆ ಒಂದು ಟೇಪನ್ನು ಮಾತ್ರ ನಾಳೆ ನಾಳೆ ಎಂದು ಮುಟ್ಟಿರಲಿಲ್ಲ.

ಪುಷ್ಪಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟರು. "ನೋಡು ಅನ್ವಿ, ಹಾಗೆ ಮಲಗಿದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಆ ಪೆಟ್ಟಿಗೆಯಲ್ಲಿ. ಈಗ ಕಣ್ಣು ಮುಚ್ಚಿದರೆ ಅದೇ ಬರುವುದು. ಬೇರೆ ಎಂತದೂ ಬರುವುದಿಲ್ಲ ಮಾರಾಯ್ತಿ. ಇಷ್ಟು ವರ್ಷ ಒಟ್ಟಿಗೆ ಇದ್ದೆವಲ್ಲ, ನಗಾಡಿದ್ದು, ನನಗೆ ಬೈದದ್ದು, ಕನ್ನಡಿ ಎದುರು ಆ ಕೆಂಪು ಗಡ್ಡ ಬಾಚಿದ್ದು, ಅದೆಲ್ಲ ಎಲ್ಲಿಗೆ ಹೋಯಿತು? ಮಲಗಿದ್ದು ಮಾತ್ರ ಉಳಿಯಿತು. ಇನ್ನು ಅದನ್ನೇ ಗೋಡೆಯಷ್ಟು ದೊಡ್ಡ ಮಾಡಿ, ಜನ ಸಮೋಸ ತಿಂದುಕೊಂಡು ನೋಡುವುದು ಬೇಡ. ಅದು ಇದ್ದರೆ ನೀವು ತೋರಿಸಬೇಡಿ. ನನ್ನಿಂದ ಆಗುವುದಿಲ್ಲ."

"ಇರುವುದಿಲ್ಲ," ಎಂದುಬಿಟ್ಟೆ.

ಮೆಟ್ಟಿಲು ಹತ್ತುವಾಗ ಹೊಳೆಯಿತು. ಅದಿಲ್ಲದೆ ಚಿತ್ರಕ್ಕೆ ಕೊನೆಯೇ ಇಲ್ಲ. ಇಡೀ ಚಳಿಗಾಲ ನಿದ್ದೆಗೆಟ್ಟ ರೆನ್ನಿಗೆ, ಕೊನೆಯನ್ನು ಕಿತ್ತುಹಾಕಿ ಎಂದು ಹೇಗೆ ಹೇಳಲಿ? ಅವರಿಗೆ ಹೇಳುವ ಮೊದಲು ಟೇಪನ್ನು ನೋಡಿ, ಮುಖ ಕಾಣದ ಹಾಗೆ ಎಲ್ಲಾದರೂ ಕತ್ತರಿಸಲು ಬರುತ್ತದೋ ನೋಡೋಣ ಎಂದುಕೊಂಡೆ. ಒಬ್ಬಳೇ ನೋಡುವ ಧೈರ್ಯ ಬರಲಿಲ್ಲ. ಶನಿವಾರ ಮಧ್ಯಾಹ್ನ ಅಲೋಶಿಯಸ್ ಅಂಕಲ್‌ರನ್ನು ಸ್ಟುಡಿಯೋಗೆ ಕರೆದೆ.

"ನೀನು ಇನ್ನೂ ನೋಡ್ಲೇ ಇಲ್ವಾ?" ಎಂದರು ಅವರು, ಕುರ್ಚಿ ಎಳೆದುಕೊಳ್ಳುತ್ತ.

"ಸುಕೇಶಣ್ಣ ಹಾಗೆ ಮಲಗಿದ್ದನ್ನು ನೋಡಲಿಕ್ಕೆ ನನಗೆ ಆಗುವುದಿಲ್ಲ ಅಂಕಲ್."

"ಮಲಗಿದ್ದಾ? ಅವನಾ?" ಅಲೋಶಿಯಸ್ ಅಂಕಲ್ ನನ್ನ ಮುಖ ನೋಡಿದರು. "ಹಾಕು ಹಾಕು. ಯಲ್ಲಾ."

ಪರದೆಯ ತುಂಬ ಮಂಜು. ಆಗಸ್ಟಿನ್ ಓಡಿ ಬಂದು ತಗಡಿನ ಕತ್ತಿಯನ್ನು ಚುಚ್ಚಿದ. ಸುಕೇಶಣ್ಣ ಒಂದು ಸುತ್ತು ತಿರುಗಿದರು, ಒಂದು ಮೊಣಕಾಲೂರಿದರು, ಆಕಾಶಕ್ಕೆ ಕೈ ಚಾಚಿ, ದೊಡ್ಡ ಮರವೊಂದು ತಾನಾಗಿಯೇ ನಿಧಾನ ಬೀಳುವ ಹಾಗೆ ಬಿದ್ದರು. ಕೆಂಪು ಗಡ್ಡ ಮೇಲೆ ಬಂತು. ಕಣ್ಣು ಮುಚ್ಚಿತು. ನಾನು ಮೇಜಿನ ಅಂಚನ್ನು ಹಿಡಿದುಕೊಂಡೆ.

ಆಗ ಸುಕೇಶಣ್ಣ ಕಣ್ಣು ಬಿಟ್ಟರು. ಎದ್ದು ಕೂತು ಕಂಬಳಿಯ ಮಣ್ಣು ಕೊಡವಿದರು. ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, ಕ್ಯಾಮೆರಾಕ್ಕೆ ಕೈಮುಗಿದು, ಎಡಗಡೆಯಿಂದ ಚಿತ್ರದ ಹೊರಗೆ ನಡೆದುಹೋದರು.

"ಸುಕೇಶ್! ನೀನು ಸತ್ತಿದ್ದೀಯ!" ರೆನ್ನಿಯ ಕೂಗು ಕೇಳಿಸಿತು.

"ಯೆಸ್ ಸರ್! ಸತ್ತಾಯಿತು ಸರ್! ಫಿನಿಷ್!" ಮಂಜಿನೊಳಗಿಂದ ಉತ್ತರ.

ಎರಡನೆಯ ಸಲವೂ ಹಾಗೆಯೇ. ಬಿದ್ದರು, ಎದ್ದರು, ಕೈಮುಗಿದರು, ಹೋದರು. ಮೂರನೆಯ ಸಲ ರೆನ್ನಿ ಪಕ್ಕದಲ್ಲಿ ಮಂಡಿಯೂರಿ ಕೂತು ಬೇಡಿಕೊಂಡಿದ್ದರು. ಸುಕೇಶಣ್ಣ ತಲೆಯಾಡಿಸಿ ಬಿದ್ದರು, ಮಲಗಿಯೇ ಇರಲು ನೋಡಿದರು. ಹುಬ್ಬು ಕುಣಿಯಿತು, ಕಾಲ ಬೆರಳು ಕುಣಿಯಿತು. ಕೊನೆಗೆ ಅಪರಾಧಿಯ ಹಾಗೆ ಮೆಲ್ಲನೆ ಎದ್ದು, ಮುಖ ಆಚೆ ತಿರುಗಿಸಿಕೊಂಡು ಹೊರಟುಹೋದರು.

ಕ್ಯಾಮೆರಾ ಓಡುತ್ತಲೇ ಇತ್ತು. ಹಿಂದಿನಿಂದ ಅಲೋಶಿಯಸ್ ಅಂಕಲ್ ಧ್ವನಿ: "ಎಂತ ಸುಕೇಶ್ ಇದು? ಸಿನಿಮಾ ಅಲ್ವಾ, ನಾನು ಕಟ್ ಮಾಡ್ತೇನೆ. ನೀನು ಸುಮ್ನೆ ಬಿದ್ಕೊ."

"ನೀವು ಕಟ್ ಮಾಡಬಹುದು. ನನ್ನ ಕಾಲು ಕೇಳಬೇಕಲ್ಲ? ವೇಷ ಕಟ್ಟಿದವ ಬಿದ್ದಲ್ಲೇ ಬಿದ್ದಿರುವುದು ನಮ್ಮಲ್ಲಿ ಇಲ್ಲ ಮಾರಾಯ್ರೆ. ಸತ್ತ ವೇಷ ಎದ್ದು ಚೌಕಿಗೆ ಹೋಗಬೇಕು, ಬಣ್ಣ ತೆಗೆಯಬೇಕು, ಚಹಾ ಕುಡಿಯಬೇಕು. ಹೆಣದ ಹಾಗೆ ಅಲ್ಲೇ ಮಲಗಿದರೆ ಮುಂದಿನ ವೇಷ ಎಲ್ಲಿ ಕುಣಿಯುವುದು?"

"ಖಲಾಸ್!" ಎಂದು ರೆನ್ನಿ ತಲೆಯ ಮೇಲೆ ಕೈಹೊತ್ತದ್ದು ಚಿತ್ರದ ಮೂಲೆಯಲ್ಲಿ ಕಂಡಿತು. "ಇವನ ಬದಲು ಬೇರೆ ಯಾರಾದರೂ ಸಾಯಿರಿ!"

ಆ ಹೊತ್ತಿಗೆ ಕೈಗೆ ಸಿಕ್ಕಿದವರು ಮೊಯ್ದೀನ್ ಕುಂಞಿ. ನೆರಿಗೆ ಸರಿಮಾಡಲು ಸೂಜಿ ಹಿಡಿದು ಬಂದಿದ್ದರು. ಅವರನ್ನು ಬೋರಲು ಮಲಗಿಸಿ, ಸುಕೇಶಣ್ಣ ತಮ್ಮ ಕಂಬಳಿಯನ್ನು ತಾವೇ ಬಿಚ್ಚಿ ಹೊದೆಸಿದರು. "ಕಾಕಾ, ಉಸಿರು ಬಿಡಬೇಡಿ." "ಬೇಗ ಮುಗಿಸಿ ಮಾರಾಯ್ರೆ, ಮಣ್ಣು ತಣ್ಣಗೆ ಉಂಟು."

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಅಲೋಶಿಯಸ್ ಅಂಕಲ್ ಕನ್ನಡಕ ತೆಗೆದು ಒರೆಸುತ್ತಿದ್ದರು. ನಾನು ಕತ್ತರಿಸಬೇಕಾದ್ದು ಏನೂ ಇರಲಿಲ್ಲ. ಸುಕೇಶಣ್ಣ ಬೀಳುವವರೆಗೆ ಸುಕೇಶಣ್ಣ, ಆಮೇಲೆ ದರ್ಜಿ. ಮಧ್ಯದ ಒಂದು ಜೋಡಣೆ, ಅಷ್ಟೇ.

ಸಂಜೆ ಕೆಳಗಿನ ಮನೆಗೆ ಓಡಿದೆ. ಪುಷ್ಪಕ್ಕ ನಂಬಲಿಲ್ಲ. "ನನ್ನನ್ನು ಕರೆಸಲಿಕ್ಕೆ ನೀನೊಂದು ಕಥೆ ಕಟ್ಟಿದ್ದು. ನಿನಗೆ ಸಣ್ಣದಿರುವಾಗಲೇ ಆ ರೋಗ ಉಂಟು."

"ದೇವರಾಣೆ ಪುಷ್ಪಕ್ಕ. ಅದು ಮೊಯ್ದೀನ್ ಕಾಕಾ. ನಾನು ಬೇಕಾದರೆ ಟೇಪು ತಂದು ತೋರಿಸುತ್ತೇನೆ."

"ಬೇಡ ಬೇಡ." ಅವರು ಕಿಟಕಿ ಎಳೆದು ಮುಚ್ಚಿದರು. "ಬರುತ್ತೇನೆ. ಬಾಗಿಲ ಪಕ್ಕ ಕೂರುತ್ತೇನೆ. ಆಗದಿದ್ದರೆ ಎದ್ದು ಹೋಗುತ್ತೇನೆ. ಆಗ ನೀನು ನನ್ನ ಹಿಂದೆ ಬರಬಾರದು."

ಶುಕ್ರವಾರ ಮಧ್ಯಾಹ್ನದ ಪ್ರದರ್ಶನ. ಮುಂದಿನ ಸಾಲುಗಳಲ್ಲಿ ರೆನ್ನಿಯ ಕಡೆಯವರು, ಹಿಂದೆ ನಮ್ಮ ಸೈನ್ಯ, ಗೋಡೆಗೊರಗಿ ಸುಕೇಶಣ್ಣನ ಕೈಕೆಳಗೆ ಕೆಲಸ ಮಾಡಿದ ವೇಟರುಗಳು. ಪುಷ್ಪಕ್ಕ ಹೇಳಿದಂತೆಯೇ ಬಾಗಿಲ ಪಕ್ಕ ಕೂತರು, ಕೈಚೀಲ ಮಡಿಲಲ್ಲಿ, ಚಪ್ಪಲಿ ಕಳಚದೆ. ನಮ್ಮ ಹಿಂದೆ ಮೊಯ್ದೀನ್ ಕುಂಞಿ ಮತ್ತು ಅಲೋಶಿಯಸ್ ಅಂಕಲ್.

ದೀಪ ಆರಿತು. ಮಂಜಿನಿಂದ ಸುಕೇಶಣ್ಣ ನಡೆದು ಬಂದರು. ಪಕ್ಕದಲ್ಲಿ ಪುಷ್ಪಕ್ಕನ ಉಸಿರು ನಿಂತದ್ದು ನನಗೆ ಕೇಳಿಸಿತು. ಪರದೆಯ ಮೇಲೆ ಸುಕೇಶಣ್ಣ ಕತ್ತಿಯೂರಿ ಬಾಯಿ ತೆರೆದರು. ರೆನ್ನಿಯ ಗೆಳೆಯರೊಬ್ಬರ ಗೊಗ್ಗರು ಧ್ವನಿ ಇಂಗ್ಲಿಷಿನಲ್ಲಿ, ಕುರಿಗಳು ನನ್ನವು, ಮನೆಗೆ ಹೋಗು, ಎಂದಿತು. ಹಿಂದಿನ ಸಾಲುಗಳಲ್ಲಿ ನಗು ಎದ್ದಿತು.

"ಅಷ್ಟೇಯಾ?" ಪುಷ್ಪಕ್ಕ ನನ್ನ ಕಿವಿಯ ಹತ್ತಿರ ಬಂದರು. "ಇವರಿಗೆ ಇಷ್ಟು ಕಡಿಮೆ ಮಾತಾ?"

ಚಿತ್ರ ಸಾಗಿತು. ಕೊನೆ ಹತ್ತಿರ ಬಂದ ಹಾಗೆ ಅವರು ಕುರ್ಚಿಯ ಅಂಚಿಗೆ ಸರಿದರು. ಕತ್ತಿ ಚುಚ್ಚಿತು. ಸುಕೇಶಣ್ಣ ತಿರುಗಿ, ಮೊಣಕಾಲೂರಿ, ಬಿದ್ದರು. ಪುಷ್ಪಕ್ಕ ಎದ್ದು ನಿಂತೇಬಿಟ್ಟರು. ನಾನು ಕೈ ಚಾಚಿದೆ. ಕೊಟ್ಟ ಮಾತು ನೆನಪಾಗಿ ಹಿಂದೆ ತೆಗೆದುಕೊಂಡೆ. ಅವರ ಕೈ ಬಾಗಿಲ ಹಿಡಿಯ ಮೇಲಿತ್ತು, ಕಣ್ಣು ಮಾತ್ರ ಪರದೆಯ ಮೇಲೆ.

ಈಗ ಅಲ್ಲಿ ಬೋರಲು ದೇಹ. ಕಂಬಳಿಯ ಅಡಿಯಿಂದ ಎರಡು ಹಿಮ್ಮಡಿ. ಒಬ್ಬೊಬ್ಬರಾಗಿ ಕುಲದವರು ಬಂದು, ತಲೆಗೆ ಮುಸುಕು ಹಾಕಿ, ಬೆನ್ನು ನಮ್ಮ ಕಡೆ ಮಾಡಿ ಸುತ್ತ ನಿಂತರು. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

"ಆ ಕಾಲು ನನ್ನದು ಪುಷ್ಪಕ್ಕ," ಎಂದರು ಹಿಂದಿನಿಂದ ಮೊಯ್ದೀನ್ ಕುಂಞಿ, ಮೆಲ್ಲನೆ ಎಂದುಕೊಂಡು ಇಡೀ ಹಾಲಿಗೆ ಕೇಳುವ ಹಾಗೆ. "ಚಳಿಗೆ ಒಡೆದದ್ದು. ನೋಡಿ ಬೇಕಾದರೆ," ಎಂದು ಕಾಲೆತ್ತಲು ಹೊರಟರು.

ಪುಷ್ಪಕ್ಕ ಕಾಲನ್ನು ನೋಡುತ್ತಿರಲಿಲ್ಲ. "ಅನ್ವಿ," ಎಂದರು. "ಅಗಾ ಅಲ್ಲಿ. ಎಡಗಡೆಯಿಂದ ಎರಡನೆಯವರು."

ಮುಸುಕು ಹಾಕಿದ ಎತ್ತರದ ಬೆನ್ನೊಂದು. ಸಂಕಲನ ಮಾಡಿದವಳು ನಾನು, ಎಷ್ಟೋ ಸಲ ನೋಡಿದ್ದೆ, ಯಾರದೆಂದು ಯೋಚಿಸಿರಲಿಲ್ಲ. ಆ ಮನುಷ್ಯ ಒಂದು ಕಾಲಿನ ಮೇಲೆ ಭಾರ ಹಾಕಿ, ಇನ್ನೊಂದರ ಹೆಬ್ಬೆರಳಿನಿಂದ ಮೀನಖಂಡವನ್ನು ಕೆರೆದುಕೊಳ್ಳುತ್ತಿದ್ದ.

"ಚಹಾ ಆಗುವವರೆಗೆ ಅಡುಗೆಮನೆ ಬಾಗಿಲಲ್ಲಿ ಹೀಗೇ ನಿಲ್ಲುವುದು," ಎಂದರು ಪುಷ್ಪಕ್ಕ. "ಎಷ್ಟು ಬೈದರೂ ಬಿಟ್ಟಿಲ್ಲ. ಇವರೇ. ಇವರೇ ಮಾರಾಯ್ತಿ."

ನಾನು ಹಿಂದೆ ತಿರುಗಿದೆ. ಅಲೋಶಿಯಸ್ ಅಂಕಲ್ ಹಣೆಗೆ ಬಡಿದುಕೊಂಡರು. "ಹೌದಲ್ವಾ! ಅಳ್ಲಿಕ್ಕೆ ಜನ ಸಾಲ್ಲಿಲ್ಲ. ನೀನು ಹೇಗೂ ಸಾಯುವುದಿಲ್ಲ, ಬಂದು ಅಳು ಅಂತ ರೆನ್ನಿ ಇವನನ್ನೇ ನಿಲ್ಲಿಸಿದ್ರು."

ಪುಷ್ಪಕ್ಕ ನಕ್ಕರು. ಮೊದಲು ಕೈಯಿಂದ ಬಾಯಿ ಮುಚ್ಚಿಕೊಂಡು, ಆಮೇಲೆ ಕೈ ತೆಗೆದು, ದೊಡ್ಡದಾಗಿ. ಮುಂದಿನ ಸಾಲಿನವರು ತಿರುಗಿ ನೋಡಿದರು. ಅಷ್ಟು ಶೋಕದ ದೃಶ್ಯಕ್ಕೆ ನಗುವವರು ಯಾರೆಂದು ಅವರಿಗೆ ಅರ್ಥವಾಗಲಿಲ್ಲ. ಮಂಜು ಬಂದು ಎಲ್ಲರನ್ನೂ ಮುಚ್ಚಿತು.

ದೀಪ ಬಂದ ಮೇಲೆ ಸ್ಕಾಟಿಷ್ ಮಹಿಳೆಯೊಬ್ಬರು ಪುಷ್ಪಕ್ಕನ ಎರಡೂ ಕೈ ಹಿಡಿದುಕೊಂಡು, ಆ ದೃಶ್ಯ ನೋಡುವುದು ನಿಮಗೆ ಎಷ್ಟು ಕಷ್ಟವಾಗಿರಬೇಕು ಎಂದರು. "ನೋ ನೋ ಮೇಡಂ," ಎಂದರು ಪುಷ್ಪಕ್ಕ. "ದಟ್ ಒನ್ ಈಸ್ ಟೈಲರ್. ಮೈ ಹಸ್ಬೆಂಡ್ ಈಸ್ ಸ್ಟ್ಯಾಂಡಿಂಗ್." ಅಷ್ಟು ಹೇಳಿ, ವೇಟರು ಹಿಡಿದು ನಿಂತ ತಟ್ಟೆಯಿಂದ ಒಂದು ಸಮೋಸ ತೆಗೆದುಕೊಂಡರು. ಬಾಗಿಲ ಪಕ್ಕ ರೆನ್ನಿ ಎಲ್ಲರ ಕೈ ಕುಲುಕುತ್ತಿದ್ದರು. ಪುಷ್ಪಕ್ಕ ಅವರಿಗೆ ಏನನ್ನೋ ಹೇಳಿದ್ದು ನನಗೆ ಕೇಳಿಸಲಿಲ್ಲ. ರೆನ್ನಿ ಬಾಗಿ, ಆ ಚಿಕ್ಕ ಹೆಂಗಸನ್ನು ತಬ್ಬಿಕೊಂಡರು.

ವಾಪಸು ಅಲೋಶಿಯಸ್ ಅಂಕಲ್ ಕಾರು. ಮುಂದೆ ಮೊಯ್ದೀನ್ ಕುಂಞಿ, ಹಿಂದೆ ನಾವಿಬ್ಬರು. ಸಮುದ್ರದ ಮೇಲಿನ್ನೂ ಬಿಸಿಲಿತ್ತು. ಪುಷ್ಪಕ್ಕ ಸ್ವಲ್ಪ ದೂರದವರೆಗೆ, ಸುಕೇಶಣ್ಣನ ಗಡ್ಡದ ಮದರಂಗಿ ದಿಂಬಿನ ಕವರಿಗೆಲ್ಲ ಹಿಡಿದದ್ದನ್ನು, ಅದಕ್ಕೆ ತಾನು ಬೈದದ್ದನ್ನು ಹೇಳುತ್ತಿದ್ದರು. ಆ ಜಗಳ ಮುಗಿಯುವ ಮೊದಲೇ ಮಾತು ನಿಂತಿತು. ತಲೆ ನನ್ನ ಭುಜಕ್ಕೆ ಬಂತು. ಬಾಯಿ ಅರ್ಧ ತೆರೆದಿತ್ತು, ಸಣ್ಣಗೆ ಗೊರಕೆ. ಮೊಯ್ದೀನ್ ಕುಂಞಿ ರೇಡಿಯೋ ಆರಿಸಿದರು. ಅಲೋಶಿಯಸ್ ಅಂಕಲ್ ಕನ್ನಡಿಯಲ್ಲಿ ನನ್ನನ್ನು ನೋಡಿದರು, ನಾನು ತಲೆಯಾಡಿಸಿದೆ. ಮಂಗಫ್‌ಗೆ ತಿರುಗುವ ದಾರಿ ಬಂತು. ಅವರು ತಿರುಗಿಸಲಿಲ್ಲ. ನೇರ ಮುಂದೆ ಹೋದೆವು.